ಎಂಟು ದಿನ ಕಡ್ಡಿ ಕಚ್ಚಬಾರದು

ಮಾಘದ ಚಳಿಯ ಒಂದು ಮುಂಜಾನೆ ಹಲ್ಲುಜ್ಜುವಾಗ ದ್ಯಾಮವ್ವನ ವಸಡಿನಿಂದ ರಕ್ತ ಬಂತು. ಮೈಗೆ ಉಷ್ಣವಾಗಿದೆಯೆಂದು ಮಜ್ಜಿಗೆ ಕುಡಿದು, ಆ ಜಾಗ ಉಜ್ಜುವುದನ್ನೇ ಬಿಟ್ಟಳು.

ಕಿವಿ ಬರೀ ಓಲೆಗೆ ಉಳಿದು, ಜನ ಹಲ್ಲಿನಿಂದ ಕೇಳುವ ಕಾಲವದು. ಮಾತುಕಡ್ಡಿಯ ಒಂದು ತುದಿಯನ್ನು ಆಡುವವರು ಗದ್ದಕ್ಕೆ ಒತ್ತಿಕೊಂಡರೆ, ಇನ್ನೊಂದನ್ನು ಕೇಳುವವರು ಕಚ್ಚುತ್ತಿದ್ದರು. ಹೋಳಿ ಹುಣ್ಣಿಮೆಯ ಹೊತ್ತಿಗೆ ದ್ಯಾಮವ್ವನ ಹಲ್ಲು ಅಲುಗಿ, ಕೇಳುವ ಮಾತೆಲ್ಲ ಗೊರಗೊರ ಎನ್ನತೊಡಗಿತು. ವಾರಗಿತ್ತಿ ನೀಲವ್ವ ಗುರುವಾರ ಗಂಡನೊಡನೆ ಬಳ್ಳಾರಿಗೆ ಬಿಡಾರ ಬದಲಿಸುವವಳಿದ್ದಳು. ಅವಳ ಮಾತು ಕೇಳದೆ ಕಳಿಸುವುದು ಹೇಗೆಂದು ದ್ಯಾಮವ್ವ ಒಳಗೂ ಹೊರಗೂ ಓಡಾಡಿದಳು. ಸೋಮವಾರ ನೀಲವ್ವನೇ ಅವಳನ್ನು ದವಾಖಾನೆಗೆ ಎಳೆದೊಯ್ದು, ಡಾಕ್ಟರಮ್ಮನ ಮಾತು ಕೇಳಲು ತಾನೂ ಒಂದು ಕಡ್ಡಿ ಕಚ್ಚಿ ಕುಳಿತಳು.

ಡಾಕ್ಟರಮ್ಮ ಊದಿದ ವಸಡು ನೋಡಿ, ಗಟ್ಟಿಯಿದ್ದ ದವಡೆಹಲ್ಲಿಗೆ ಕಡ್ಡಿ ಕೊಟ್ಟಳು. "ರಕ್ತ ಬಂತಂತ ಉಜ್ಜೋದು ಬಿಟ್ಟೆಯೇನವ್ವ? ಅಲ್ಲೇ ಮೆತ್ತಗ ಉಜ್ಜಬೇಕಿತ್ತು. ಬುಡದಾಗ ಹೊಲಸು ಕಲ್ಲಾಗಿ ಕುಂತೈತಿ, ಕೆರೆದು ತಗೀತೀನಿ. ಆಮ್ಯಾಲೆ ಎಂಟು ದಿನ ಕಡ್ಡಿ ಕಚ್ಚಬ್ಯಾಡ. ಕಚ್ಚಿದರ ಹಲ್ಲು ಉಳಿಯಂಗಿಲ್ಲ."

"ಗುರುವಾರ ಒಂದು ದಿನ?" ದ್ಯಾಮವ್ವ ಅಂಗಲಾಚಿದಳು.

"ಮುಂದ ಜನ್ಮಪೂರ್ತಿ ಕೇಳಬೇಕೋ ಬ್ಯಾಡೋ?"

ಗುರುವಾರ ಬಳ್ಳಾರಿ ಬಸ್ಸು ಬಂದು ನಿಂತಾಗ ದ್ಯಾಮವ್ವ ತಡೆಯಲಾರದೆ ಕಡ್ಡಿಗೆ ಬಾಯಿ ಹಾಕಿದಳು. ನೀಲವ್ವ ಅದನ್ನು ಕಸಿದು, ಆ ತುದಿಯನ್ನು ತಾನೇ ಕಚ್ಚಿ, ಇನ್ನೊಂದನ್ನು ದ್ಯಾಮವ್ವನ ಗದ್ದಕ್ಕೆ ಒತ್ತಿದಳು. ಮೂವತ್ತು ವರ್ಷ ಎದುರಿನವರಿಗೆ ಬಾಯಿ ತೆರೆಯಗೊಡದ ಹೆಂಗಸು ನೀಲವ್ವ.

"ಮನ್ಯಾಗ ನೀ ಇಲ್ಲಂದ್ರ ನಾ ಯಾರ ಕೂಡ ಜಗಳಾಡಲೇ, ನೀಲಾ?" ಎಂದಳು ದ್ಯಾಮವ್ವ.

ಡ್ರೈವರ್ ಎರಡು ಸಲ ಕೈಬೀಸುವವರೆಗೂ ನೀಲವ್ವ ಕೇಳುತ್ತಲೇ ನಿಂತಿದ್ದಳು. ಆಮೇಲೆ ಕಡ್ಡಿಯನ್ನು ದ್ಯಾಮವ್ವನ ಕೈಗಿಟ್ಟು, ಬಸ್ಸು ಹತ್ತಿ ಬಳ್ಳಾರಿಗೆ ಹೋದಳು.