ಗುರುವಾರದ ರಿಪೇರಿ

ನಾಲ್ಕನೆಯ ಗುರುವಾರವೂ ಫೋನು ಬಂದಾಗ ಬೀರೇಶನಿಗೆ ಖಾತ್ರಿಯಾಯಿತು. ತನ್ನ ಸಾಫ್ಟ್‌ವೇರನ್ನು ಯಾರೋ ಬೇಕೆಂದೇ ಕೆಡಿಸುತ್ತಿದ್ದಾರೆ.

"ಸಾರ್, ಗುಲಾಬಿ ಪೆಟ್ಟಿಗೆ ಮೇಲೆಲ್ಲಾ ಬದನೆಕಾಯಿ ಅಂತ ಪ್ರಿಂಟ್ ಆಗ್ತಿದೆ," ಎಂದಳು ಜ್ಯೋತಿಲಕ್ಷ್ಮಿ.

ಅವಳು ದೇವನಹಳ್ಳಿಯ ಹೊರಗಿರುವ ಅಪ್ಪಯ್ಯಣ್ಣನ ಹೂವಿನ ಪ್ಯಾಕಿಂಗ್ ಶೆಡ್ಡಿನ ಕಂಪ್ಯೂಟರ್ ಆಪರೇಟರು. ವಿಮಾನ ನಿಲ್ದಾಣ ಬಂದ ಮೇಲೆ ಅಪ್ಪಯ್ಯಣ್ಣ ರಾಗಿ ಬಿಟ್ಟು ಗುಲಾಬಿ ಹಿಡಿದಿದ್ದ. ಯಾವ ಪೆಟ್ಟಿಗೆಯಲ್ಲಿ ಯಾವ ಹೂವು, ಎಷ್ಟು ತೂಕ, ಯಾವ ವಿಮಾನಕ್ಕೆ ಎಂದು ಚೀಟಿ ಹೊಡೆಯುವ ಸಾಫ್ಟ್‌ವೇರು ಬೀರೇಶ ಬರೆದದ್ದು.

ದೊಡ್ಡಬಳ್ಳಾಪುರದ ಮನೆಯಲ್ಲೇ ಕೂತು ಅಂಗಡಿ, ಕಾರ್ಖಾನೆಗಳಿಗೆ ಸಾಫ್ಟ್‌ವೇರು ಬರೆದುಕೊಡುವುದು ಅವನ ಕಸುಬು. ಅವನ ಪ್ರಕಾರ ಅವನು ಯಾರ ಕೈಕೆಳಗೂ ಇಲ್ಲದ ಸ್ವತಂತ್ರ ಜೀವಿ; ಬೀದಿಯವರ ಪ್ರಕಾರ ಕೆಲಸವಿಲ್ಲದವನು. ಲುಂಗಿ ಉಟ್ಟುಕೊಂಡು ಕಂಪ್ಯೂಟರ್ ಕೆಲಸ ಮಾಡಬಹುದೆಂದು ಅಲ್ಲಿ ಯಾರೂ ನಂಬುತ್ತಿರಲಿಲ್ಲ. ಪಕ್ಕದ ಮನೆಯ ಸೊಣ್ಣಮ್ಮ ಮಿಕ್ಸಿ ಕೆಟ್ಟರೂ ಅವನ ಮುಂದೆ ತಂದಿಡುತ್ತಿದ್ದಳು. "ಕಂಪ್ಯೂಟ್ರೇ ರಿಪೇರಿ ಮಾಡ್ತೀಯಂತೆ, ಇದೇನು ಮಹಾ?" ಗಿರಾಕಿಗಳು ಇನ್ನೂ ಒಂದು ಕೈ ಮೇಲು. "ಒಂದು ಸಣ್ಣ ಚೇಂಜು" ಎಂದು ಶುರುಮಾಡಿ ಅಡಿಪಾಯದಿಂದ ಕೆಡವಿಸುವವರು. ಅವರಲ್ಲಿ ನೆಟ್ಟಗಿದ್ದವನು ಅಪ್ಪಯ್ಯಣ್ಣ ಒಬ್ಬನೇ. ಅವನೂ ಕೈಬಿಟ್ಟರೆ ಬೀರೇಶ ನಿಜಕ್ಕೂ ಮಿಕ್ಸಿ ಬಿಚ್ಚಬೇಕಾಗುತ್ತಿತ್ತು.

ಬೈಕು ಓಡಿಸಿಕೊಂಡು ಶೆಡ್ಡು ತಲುಪಿದಾಗ ಜ್ಯೋತಿಲಕ್ಷ್ಮಿ ಆಗಲೇ ಅವನ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಎಳೆದಿಟ್ಟಿದ್ದಳು. ಕಾಫಿಯೂ ಬಂತು.

"ಯಾಕೆ ಸಾರ್ ಹಿಂಗಾಯ್ತು?"

ಅವನು ಹೇಳಿದ.

"ಅದನ್ನ ಬಿಟ್ಟು ಇದನ್ನೇ ಯಾಕೆ ಬದಲಾಯಿಸಿದ್ರಿ?"

ಅದನ್ನೂ ಹೇಳಿದ. ಐದು ನಿಮಿಷದ ರಿಪೇರಿ, ಒಂದೂವರೆ ಗಂಟೆಯ ವಿವರಣೆ. ಅವಳು ಒಂದೊಂದು ಮಾತನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಹೆತ್ತ ತಾಯಿ ಕೂಡ ಬೀರೇಶನನ್ನು 'ನೀನು ಮಾಡೋದೇನು' ಎಂದು ಕೇಳಿದವಳಲ್ಲ. ತನ್ನ ಮಾತು ಬರೆದಿಟ್ಟುಕೊಳ್ಳುವ ಹೆಣ್ಣೊಂದು ಭೂಮಿಯ ಮೇಲಿದೆ ಎಂಬುದೇ ಅವನಿಗೆ ಹೊಸ ಸುದ್ದಿ.

ಹೊರಡುವಾಗ ಅಪ್ಪಯ್ಯಣ್ಣ ತಡೆದ. "ಯಾವನೋ ಕೈಯಾಡಿಸ್ತಾವ್ನೆ ಕಣಪ್ಪಾ. ಲೋಡ್ ಇಲ್ಲದ ದಿನಾನೇ ಕೆಡ್ತಿರೋದಕ್ಕೆ ಬಚಾವಾದ್ವಿ. ಯಾರು ಅಂತ ಕಂಡುಹಿಡಿ. ಆಗಲ್ಲ ಅಂದ್ರೆ ಹೇಳು, ಬೇರೆಯವರನ್ನ ನೋಡ್ಕೋತೀನಿ."

ಸಾಫ್ಟ್‌ವೇರಿನ ಕೋಡನ್ನೆಲ್ಲ ಶೆಡ್ಡಿನ ಕಂಪ್ಯೂಟರಿನಲ್ಲೇ ಬಿಟ್ಟುಹೋಗುವುದು ಬೀರೇಶನ ಸೋಮಾರಿ ಅಭ್ಯಾಸ. ಅಂದು ಅದರೊಳಗೆ ಗುಟ್ಟಾಗಿ ಒಂದು ಕಾವಲು ಇಟ್ಟ. ಯಾರೇ ಒಂದಕ್ಷರ ಬದಲಿಸಿದರೂ ಹೆಸರು, ಹೊತ್ತು ದಾಖಲಾಗಬೇಕು.

ಐದನೆಯ ಗುರುವಾರ ತೂಕವೆಲ್ಲ ಸೊನ್ನೆಗಿಂತ ಕೆಳಗೆ ಹೋಯಿತು. ಈ ಸಲದ ಕೋಟಲೆ ಹಿಂದಿನವಕ್ಕಿಂತ ಆಳದ್ದು. ಸರಿಮಾಡಲು ಬೀರೇಶನೇ ತಿಣುಕಿದ. ಜ್ಯೋತಿಲಕ್ಷ್ಮಿ ಕಾಫಿಗೆ ಎದ್ದುಹೋದ ಹೊತ್ತಿಗೆ ದಾಖಲೆ ತೆರೆದ.

ಜ್ಯೋತಿಲಕ್ಷ್ಮಿ. ಮಧ್ಯಾಹ್ನ ಎರಡು ಹತ್ತು.

ಅವಳ ಫೋನು ಬಂದದ್ದು ಎರಡೂಕಾಲಿಗೆ. ಕೆಡಿಸಿದವಳೂ ಅವಳೇ, ಕರೆದವಳೂ ಅವಳೇ. ಬೀರೇಶನಿಗೆ ಕೋಪ ಬರಬೇಕಿತ್ತು. ಬದಲಿಗೆ ಕಿವಿ ಬಿಸಿಯಾಯಿತು. ತನ್ನನ್ನು ಕರೆಸಿಕೊಳ್ಳಲು ಹುಡುಗಿಯೊಬ್ಬಳು ಇಷ್ಟೆಲ್ಲ ಪಾಡುಪಡುತ್ತಾಳೆಂದರೆ!

ದಾಖಲೆ ಅಳಿಸಿಹಾಕಿ ಅಪ್ಪಯ್ಯಣ್ಣನ ಮುಂದೆ ನಿಂತ.

"ಯಾರಪ್ಪಾ?"

"ವೈರಸ್ ಅಣ್ಣ. ಸತ್ತೋಯ್ತು."

ಹುಟ್ಟಿದಾಗಿನಿಂದ ಅವನು ಇನ್ನೊಬ್ಬರಿಗಾಗಿ ಹೇಳಿದ ಮೊದಲ ಸುಳ್ಳು ಅದು. ದಾರಿಯುದ್ದಕ್ಕೂ ಹಾಡಿಕೊಂಡು ಬಂದ.

ಆರನೆಯ ಗುರುವಾರ ಬೆಳಿಗ್ಗೆಯೇ ಕಟಿಂಗ್ ಮಾಡಿಸಿ, ಹೊಸ ಅಂಗಿ ಹಾಕಿದ. ಪಾಪಕ್ಕ ಮಗನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರ್ಲಾ ಹುಡುಗಿ?"

"ಸುಮ್ನಿರಮ್ಮಾ."

"ನಮ್ಮೋರಾ?"

ಅವನು ಫೋನನ್ನೇ ನೋಡುತ್ತ ಕೂತ. ಎರಡೂಕಾಲಾಯಿತು, ಮೂರಾಯಿತು. ಫೋನಿಲ್ಲ. ಪಾಪ, ನಾಚಿಕೆ ಇರಬೇಕು ಎಂದುಕೊಂಡು ತಾನೇ ಹೊರಟ.

ಶೆಡ್ಡಿನಲ್ಲಿ ಜ್ಯೋತಿಲಕ್ಷ್ಮಿ ಕಂಪ್ಯೂಟರಿನ ಮುಂದೆ ಒಬ್ಬಳೇ ಇದ್ದಳು. ಅವನನ್ನು ಕಂಡವಳೇ ಗಾಬರಿಯಿಂದ ಎದ್ದು ನಿಂತಳು.

"ಕೂತ್ಕೊಳ್ರೀ," ಎಂದ ಬೀರೇಶ. "ನಂಗೆಲ್ಲಾ ಗೊತ್ತಾಗಿದೆ."

ಅವಳ ಮುಖ ಬಿಳಿಚಿತು. "ಯಾವಾಗಿಂದ ಸಾರ್?"

"ಹೋದ ವಾರದಿಂದ. ಅಪ್ಪಯ್ಯಣ್ಣಂಗೆ ಹೇಳಿಲ್ಲ."

"ಅವರಿಗೆ ಮೊನ್ನೆ ನಾನೇ ಹೇಳ್ದೆ. ಅವರು ಒಪ್ಪಿದ್ರು. ನಿಮಗೆ ಹೆಂಗೆ ಹೇಳೋದು ಅನ್ನೋದೇ ಭಯ ಆಗಿತ್ತು."

ಹಿರಿಯರ ಒಪ್ಪಿಗೆಯನ್ನೂ ತೆಗೆದುಕೊಂಡಿದ್ದಾಳೆ! ಬೀರೇಶನ ಕಾಲು ನೆಲದ ಮೇಲಿರಲಿಲ್ಲ.

"ಭಯ ಯಾಕೆ? ನಂಗೂ ಒಪ್ಪಿಗೆನೇ."

"ನಿಜವಾಗ್ಲೂ? ಒಂಚೂರೂ ಬೇಜಾರಿಲ್ವಾ?"

"ಬೇಜಾರಾ? ಇಷ್ಟು ಖುಷಿ ನಂಗೆ ಯಾವತ್ತೂ ಆಗಿಲ್ಲ."

ಅವಳ ಕಣ್ಣು ತುಂಬಿ ಬಂತು. "ನಿಮ್ಮಂಥ ದೊಡ್ಡ ಮನಸ್ಸು ಯಾರಿಗೂ ಇರಲ್ಲ ಸಾರ್," ಎಂದು ಪರದೆಯನ್ನು ಅವನತ್ತ ತಿರುಗಿಸಿದಳು. ಅದರಲ್ಲಿ ಬೀರೇಶ ಎಂದೂ ಕಾಣದ ಒಂದು ಸಾಫ್ಟ್‌ವೇರು ಚೀಟಿಗಳನ್ನು ಚಕಚಕನೆ ಹೊಡೆಯುತ್ತಿತ್ತು.

"ಪ್ರತಿ ವಾರ ಒಂದೊಂದೇ ಕೆಡಿಸಿ, ನೀವು ಹೆಂಗೆ ಸರಿಮಾಡ್ತೀರಾ ನೋಡ್ಕೊಂಡು ನಾನೇ ಬರೆದುಬಿಟ್ಟೆ ಸಾರ್, ಸೋಮವಾರದಿಂದ ಇದೇ ಓಡುತ್ತೆ, ಇನ್ಮೇಲೆ ನೀವು ಅಷ್ಟು ದೂರದಿಂದ ಬರೋ ಕಷ್ಟಾನೇ ಇಲ್ಲ."