ಯಾವ ಪುಸ್ತಕದಲ್ಲೂ ಇಲ್ಲದ್ದು

ವೆಂಕಟಾಚಲಯ್ಯನವರು ಹನ್ನೆರಡು ವರ್ಷಗಳಿಂದ ನಸುಕಿನಲ್ಲೆದ್ದು ಧ್ಯಾನಕ್ಕೆ ಕೂರುತ್ತಿದ್ದರು. ಅಧ್ಯಾತ್ಮದ ಪುಸ್ತಕವನ್ನು ಮಾತ್ರ ಒಂದು ದಿನವೂ ಮುಟ್ಟಿದವರಲ್ಲ. ಪಕ್ಕದಲ್ಲೇ ಕೂತು ಯೋಗಗ್ರಂಥ ಓದುವ ಹೆಂಡತಿಯನ್ನು ಕಂಡರೆ, "ಅಡುಗೆ ಪುಸ್ತಕ ಓದಿದ್ರೆ ಹೊಟ್ಟೆ ತುಂಬುತ್ತೇನೇ?" ಎಂದು ನಗುತ್ತಿದ್ದರು. ಬರುವ ಸೋಮವಾರದಿಂದ ಬಡಾವಣೆಯವರಿಗೆಲ್ಲ ತಾವೇ ಧ್ಯಾನ ಕಲಿಸುವುದಾಗಿ ಕರಪತ್ರವನ್ನೂ ಹಂಚಿಸಿಯಾಗಿತ್ತು.

ಅಂದು ಆಸನದಿಂದ ಎದ್ದವರೇ ಹೆಂಡತಿಯತ್ತ ತಿರುಗಿದರು.

"ಕಾವೇರಿ, ಇವತ್ತೂ ಆಯ್ತು ಕಣೆ. ಯೋಚನೆಗಳೆಲ್ಲ ನಿಂತುಹೋದ್ವು. ಮೈಮೇಲಿನ ಪರಿವೆಯೇ ಇರ್ಲಿಲ್ಲ. ಒಂದು ಗಂಟೆ ಹೋಗಿದ್ದೇ ತಿಳೀಲಿಲ್ಲ. ಯಾವ ಪುಸ್ತಕದಲ್ಲಿದೆ ಹೇಳು, ಈ ಸ್ಥಿತಿ?"

ಆಕೆ ಕನ್ನಡಕ ಏರಿಸಿಕೊಂಡು ಎರಡು ಹಾಳೆ ಹಿಂದಕ್ಕೆ ತಿರುವಿದರು.

"ಇದರಲ್ಲೇ ಇದೆ ರೀ, ಸಾಧಕರಿಗೆ ಬರೋ ವಿಘ್ನಗಳು ಅನ್ನೋ ಅಧ್ಯಾಯದಲ್ಲಿ. ನಿದ್ದೆ ಅಂತ ಬರ್ದಿದಾರೆ. ಗೊರಕೆ ವಿಷಯ ಮಾತ್ರ ಬರ್ದಿಲ್ಲ, ಅದನ್ನ ದಿನಾ ನಾನೇ ಕೇಳ್ತಿದೀನಿ."