ವಿಶಾಲ್ ಬೇಡವೆಂದ ಕಾರ್ಡು

ಉಡುಪಿಯ ಕಂಪ್ಯೂಟರ್ ಅಂಗಡಿಯಲ್ಲಿ ವಿಶಾಲ್ ಗ್ರಾಫಿಕ್ಸ್ ಕಾರ್ಡಿನ ಪೆಟ್ಟಿಗೆಯನ್ನು ಮೇಜಿನ ಆಚೆ ಸರಿಸಿದ. "ಇದು ಬೇಡ. ಹಣ ಸಾಲುವುದಿಲ್ಲ."

"ಇದಿಲ್ಲದಿದ್ದರೆ ನಿನ್ನ ಆಟದ ರೇಸಿನ ಕಾರು ಎತ್ತಿನಗಾಡಿಯ ಹಾಗೆ ಹೋದೀತು ಮಾರಾಯ," ಎಂದರು ಅಂಗಡಿಯ ಕಾಮತರು.

ತಾಯಿ ಕಮಲ ಪೆಟ್ಟಿಗೆಯನ್ನು ಮತ್ತೆ ಈಚೆ ಎಳೆದಳು. ತನ್ನ ಅಣ್ಣನನ್ನು ನುಂಗಿದ ಕಡಲಿಗೆ ಮಗ ಹೋಗದಿರಲಿ, ಮನೆಯಲ್ಲೇ ಆಡಿಕೊಂಡಿರಲಿ ಎಂದೇ ಅವಳು ಮೀನು ಮಾರಿ ಈ ಹಣ ಕೂಡಿಸಿದ್ದಳು. "ಮಾನಿಟರ್ ಬೇಕಾದರೆ ಹಳೆಯದು ತೆಗೆದುಕೊಳ್ಳುವ. ಕಾರ್ಡು ಇರಲಿ. ಇಷ್ಟು ದಿನ ಅದರದ್ದೇ ಜಪ ಅಲ್ವಾ ನಿನ್ನದು?"

"ಇನ್ನು ಆಡುವುದು ತಂಗಿ ಒಬ್ಬಳೇ ಅಮ್ಮ. ಅವಳ ಆಟಕ್ಕೆ ಇದೆಲ್ಲ ಎಂತಕ್ಕೆ?"

"ನೀನು?"

ವಿಶಾಲ್ ಅವಳ ಮುಖ ನೋಡಲಿಲ್ಲ. "ಮಳೆಗಾಲ ಕಳೆದು ಬೋಟು ಹೊರಟರೆ ನಾನೆಲ್ಲಿ ಮನೆಯಲ್ಲಿರ್ತೇನೆ? ಅಪ್ಪನಿಗೆ ಬರ್ತೇನೆ ಅಂತ ಹೇಳಿ ಆಯ್ತು."